ಮೆಣಸಿನಕಾಯಿ ಲಾಟ್ ಪಟ್ಟಿಗೆ ಮೂರು ಕಂಟ್ರೋಲ್: ಬಳಸಿ ನೋಡಿದ ಹೋಲಿಕೆ

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುತ್ತಿದ್ದೇನೆ. ಭಾಷೆ ಸಿ ಶಾರ್ಪ್, ಪರದೆಗಳಿಗೆ ಮೈಕ್ರೋಸಾಫ್ಟ್‌ನ ವಿನ್‌ಫಾರ್ಮ್ಸ್. ಅದರಲ್ಲಿ ದಿನವಿಡೀ ತೆರೆದೇ ಇರುವ ಪರದೆ ಅಂದ್ರೆ ಲಾಟ್ ಪಟ್ಟಿ: ಲಾಟ್ ನಂಬರು, ರೈತರ ಹೆಸರು, ಊರು, ಮೆಣಸಿನಕಾಯಿ ಡಬ್ಬಿ ಬಗೆಯದೋ ಕಡ್ಡಿ ಬಗೆಯದೋ, ಎಷ್ಟು ಚೀಲ, ತೂಕ, ಟೆಂಡರ್‌ನಲ್ಲಿ ಬಂದ ದರ. ಈ ಒಂದು ಪರದೆಯನ್ನು ಮೂರು ಸಲ ಬರೆದೆ, ಪ್ರತಿ ಸಲ ಬೇರೆ ಕಂಟ್ರೋಲ್ (ಪಟ್ಟಿ ತೋರಿಸುವ ಸಿದ್ಧ ಭಾಗ) ಬಳಸಿ.

ಮೊದಲು ಡಾಟ್‌ನೆಟ್ ಜೊತೆಗೇ ಬರುವ ಲಿಸ್ಟ್‌ವ್ಯೂ. ಇದಕ್ಕೆ ಗೊತ್ತಿರುವುದು ಅಕ್ಷರ ಮಾತ್ರ. ತೂಕ, ದರ ಎಲ್ಲವನ್ನೂ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಮಾಡಿ ಸಾಲುಸಾಲಾಗಿ ತುಂಬಬೇಕು. ಕಾಲಂ ತಲೆ ಒತ್ತಿದರೆ ತಾನಾಗಿ ಏನೂ ಆಗುವುದಿಲ್ಲ. ಸಾರ್ಟ್ ಮಾಡುವ, ಅಂದ್ರೆ ಕ್ರಮವಾಗಿ ಜೋಡಿಸುವ, ಕೋಡನ್ನು ನಾವೇ ಬರೆಯಬೇಕು. ನಾನು ಬರೆದದ್ದು ಅಕ್ಷರಗಳನ್ನೇ ಹೋಲಿಸುತ್ತಿತ್ತು. ದರದ ಕಾಲಂ ಒತ್ತಿದರೆ ಮೊದಲು 12,000, ಆಮೇಲೆ 41,000, ಕಟ್ಟಕಡೆಗೆ 9,500! ಪಟ್ಟಿಯ ತುದಿಯಲ್ಲಿದ್ದದ್ದೇ ಹೆಚ್ಚಿನ ದರ ಅಂತ ನಂಬಿ ಯಾರಾದರೂ ಓದಿದ್ದರೆ ರೈತರ ದುಡ್ಡಿನ ವಿಷಯದಲ್ಲೇ ತಪ್ಪು ಆಗುತ್ತಿತ್ತು. ಸರಿಪಡಿಸಿದೆ, ಆದರೆ ಸಂಖ್ಯೆಗೊಂದು, ತಾರೀಖಿಗೊಂದು ಅಂತ ಬೇರೆ ಬೇರೆ ಕೋಡ್ ಬೇಕಾಯಿತು. ಇಡೀ ಹಂಗಾಮಿನ ಲಾಟ್ ತುಂಬಿದಾಗಲಂತೂ ಪರದೆ ಜಗ್ಗಾಡತೊಡಗಿತು. ಬೇಕಾದ ಸಾಲುಗಳನ್ನಷ್ಟೇ ಆಗಾಗ ಕೇಳಿ ಪಡೆಯುವ ವರ್ಚುವಲ್ ಮೋಡ್ ಇದೆ, ನಿಜ. ಆದರೆ ಅದನ್ನು ಹಾಕಿದರೆ ಸಾರ್ಟ್ ಕೂಡ ಪೂರ್ತಿ ನಮ್ಮ ತಲೆಗೇ.

ಎರಡನೆಯದು ಡೇಟಾಗ್ರಿಡ್‌ವ್ಯೂ. ಬರೆಯುವ ಕೆಲಸಕ್ಕೆ ಇದನ್ನು ಮೀರಿಸಿದ್ದಿಲ್ಲ. ತೂಕ ಟೈಪ್ ಮಾಡು, ಎಂಟರ್ ಒತ್ತು, ಕೆಳಗಿನ ಸಾಲಿಗೆ ಹೋಗು. ಡೇಟಾಟೇಬಲ್ (ಡಾಟ್‌ನೆಟ್‌ನ ಕೋಷ್ಟಕ) ಕೊಟ್ಟರೆ ಸಂಖ್ಯೆಯನ್ನು ಸಂಖ್ಯೆಯಾಗಿಯೇ ಸಾರ್ಟ್ ಮಾಡುತ್ತದೆ. ಆದರೆ ನನ್ನ ಬಳಿ ಇದ್ದದ್ದು ಲಾಟ್ ಎಂಬ ಕ್ಲಾಸ್‌ನ (ಒಂದು ಲಾಟ್‌ನ ವಿವರಗಳನ್ನು ಹಿಡಿದಿಡುವ ಅಚ್ಚು) ಸಾದಾ ಲಿಸ್ಟ್. ಅದನ್ನೇ ಗ್ರಿಡ್‌ಗೆ ಕಟ್ಟಿದರೆ ಕಾಲಂ ತಲೆ ಒತ್ತಿದಾಗ ಸುಮ್ನೆ ಕೂತಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯನ್ನು ಗುಮಾಸ್ತರು ತೋರಿಸಿದರು: "ತಮ್ಮಾ, ಮೋಟೆಬೆನ್ನೂರಿನವ್ರ ಚೀಲ ಎಲ್ಲಾ ಒಂದ ಕಡೆ ಕಾಣಬೇಕು ನೋಡು." ಒಂದೇ ಊರಿನವರು ಒಂದೇ ಗಾಡಿಯಲ್ಲಿ ಮಾಲು ತರುತ್ತಾರೆ, ಬಾಡಿಗೆ ಹಂಚಬೇಕು. ಗುಂಪು ಮಾಡುವುದು ಡೇಟಾಗ್ರಿಡ್‌ವ್ಯೂನಲ್ಲಿ ಇಲ್ಲವೇ ಇಲ್ಲ.

ಮೂರನೆಯದು ಆಬ್ಜೆಕ್ಟ್‌ಲಿಸ್ಟ್‌ವ್ಯೂ. ಫಿಲಿಪ್ ಪೈಪರ್ ಬರೆದ ಓಪನ್ ಸೋರ್ಸ್ ಲೈಬ್ರರಿ. ಒಳಗಿರುವುದು ಅದೇ ಲಿಸ್ಟ್‌ವ್ಯೂ, ಹೊರಗೆ ಕೆಲಸ ಹಗುರ ಮಾಡುವ ಹೊದಿಕೆ. ಪ್ರತಿ ಕಾಲಂಗೆ ಆಸ್ಪೆಕ್ಟ್‌ನೇಮ್ ಅಂತ ಒಂದು ಜಾಗ ಇದೆ. ಕ್ಲಾಸ್‌ನ ಯಾವ ಪ್ರಾಪರ್ಟಿ (ಊರು, ದರದಂಥ ಒಂದು ವಿವರ) ತೋರಿಸಬೇಕು ಅಂತ ಅಲ್ಲಿ ಬರೆದು, ಸೆಟ್‌ಆಬ್ಜೆಕ್ಟ್ಸ್‌ಗೆ ಲಿಸ್ಟ್ ಕೊಟ್ಟರೆ ಮುಗಿಯಿತು. ದರ ಸಂಖ್ಯೆಯಾಗಿಯೇ ಉಳಿಯುತ್ತದೆ, 9,500 ತನ್ನ ಜಾಗಕ್ಕೆ ಬರುತ್ತದೆ. ಪರದೆಯಲ್ಲಿ ಮಾತ್ರ ರೂಪಾಯಿ ಗುರುತು, ಅಲ್ಪವಿರಾಮ ಬೇಕಾದರೆ ಅದಕ್ಕೆ ಬೇರೆ ಫಾರ್ಮ್ಯಾಟ್ ಕೊಡಬಹುದು. ಆಯ್ದ ಸಾಲು ಕೇಳಿದರೆ ನನ್ನ ಲಾಟ್ ಆಬ್ಜೆಕ್ಟೇ ಕೈಗೆ ಬರುತ್ತದೆ. ಊರಿನ ಕಾಲಂ ಒತ್ತಿದರೆ ಊರಿಗೊಂದು ಗುಂಪು. ಅದಕ್ಕಾಗಿ ನಾನು ಒಂದು ಸಾಲು ಕೋಡ್ ಸಹ ಬರೆದಿಲ್ಲ.

ಇದರಲ್ಲೂ ಎಚ್ಚರ ಬೇಕು. ಆಸ್ಪೆಕ್ಟ್‌ನೇಮ್ ಬರೀ ಸ್ಟ್ರಿಂಗ್. ಕಾಗುಣಿತ ತಪ್ಪಿದರೆ ಕಂಪೈಲರ್ ಹಿಡಿಯುವುದಿಲ್ಲ. ಓಡಿಸಿದಾಗ ದರ ಇರಬೇಕಾದ ಜಾಗದಲ್ಲಿ, ಅಂಥ ಪ್ರಾಪರ್ಟಿ ಇಲ್ಲ ಅನ್ನೋ ಉದ್ದ ಇಂಗ್ಲಿಷ್ ಸಂದೇಶ ಕಾಣುತ್ತದೆ. ಹಾಗಾಗಿ ಮುಖ್ಯ ಕಾಲಂಗಳಿಗೆ, ಏನು ತೋರಿಸಬೇಕು ಅಂತ ಕೋಡಿನಲ್ಲೇ ಹೇಳುವ ಆಸ್ಪೆಕ್ಟ್‌ಗೆಟರ್ ಬಳಸಿದೆ. ಸಾವಿರಾರು ಸಾಲು ಇದ್ದರೆ ಫಾಸ್ಟ್‌ಆಬ್ಜೆಕ್ಟ್‌ಲಿಸ್ಟ್‌ವ್ಯೂ ತೆಗೆದುಕೊಳ್ಳಿ. ಹೆಸರಿಗೆ ತಕ್ಕಂತೆ ಇದೆ, ಸಾರ್ಟ್ ಕೂಡ ತಾನೇ ನೋಡಿಕೊಳ್ಳುತ್ತದೆ. ಪರವಾನಗಿ ಜಿಪಿಎಲ್ 3. ಇದನ್ನು ಸೇರಿಸಿದ ಪ್ರೋಗ್ರಾಂ ಬೇರೆಯವರಿಗೆ ಕೊಟ್ಟರೆ ಸೋರ್ಸ್ ಕೋಡ್ ಕೂಡ ಅದೇ ಷರತ್ತಿನಲ್ಲಿ ಕೊಡಬೇಕು. ನಾನು ಅಂಗಡಿಗೆ ಹೇಗೂ ಕೋಡ್ ಕೊಡುತ್ತಿದ್ದೇನೆ, ಹಾಗಾಗಿ ಅಡ್ಡಿ ಆಗಲಿಲ್ಲ. ಕೋಡ್ ಮುಚ್ಚಿಟ್ಟು ಮಾರುವವರು ಇದನ್ನು ಮೊದಲೇ ಯೋಚಿಸಬೇಕು.

ಸದ್ಯ ತೂಕ ಬರೆಯುವ ಪರದೆಯಲ್ಲಿ ಡೇಟಾಗ್ರಿಡ್‌ವ್ಯೂ, ನೋಡುವ ಪರದೆಯಲ್ಲಿ ಆಬ್ಜೆಕ್ಟ್‌ಲಿಸ್ಟ್‌ವ್ಯೂ ಉಳಿಸಿಕೊಂಡಿದ್ದೇನೆ. ಲಿಸ್ಟ್‌ವ್ಯೂ ಕೋಡನ್ನು ಅಳಿಸಿ ಹಾಕಿದೆ. ಹೋದ ಸೋಮವಾರದ ಸಂತೆಯಲ್ಲಿ ಗುಮಾಸ್ತರು ಊರಿನ ಕಾಲಂ ಒತ್ತಿ, ಮೋಟೆಬೆನ್ನೂರಿನ ಚೀಲಗಳನ್ನು ಬೆರಳಿಟ್ಟು ಎಣಿಸಿ, ಬಾಡಿಗೆ ಚೀಟಿ ಬರೆದರು.