ಕೆಂಚನ ಉಚ್ಚೆ: ಎರಡು ಕ್ಲಿನಿಕ್, ಒಂದು ಸರ್ಕಾರಿ ಆಸ್ಪತ್ರೆ, ಒಂದು ವಿಡಿಯೋ ಕಾಲ್

ನಮ್ಮ ಕೆಂಚ 3 ವರ್ಷದ ಗಂಡು ಬೆಕ್ಕು. ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಉಚ್ಚೆಗೆ ಅಂತ ಇಟ್ಟ ಮರಳಿನ ಟ್ರೇ ಬಿಟ್ಟು ಬೇರೆಲ್ಲೂ ಹೋದವನಲ್ಲ. ಹೋದ ಜನವರಿಯಲ್ಲಿ ಒಂದು ಬೆಳಿಗ್ಗೆ ಹಾಸಿಗೆ ಹತ್ತಿ, ಕಂಬಳಿಯನ್ನು ಎರಡು ಸಲ ಕೆರೆದು, ನನ್ನನ್ನೇ ನೋಡುತ್ತಾ ಉಚ್ಚೆ ಹೊಯ್ದ. ಆಮೇಲೆ ಲ್ಯಾಪ್‌ಟಾಪ್ ಬ್ಯಾಗು, ಒಗೆಯೋ ಬಟ್ಟೆಯ ಬುಟ್ಟಿ, ಒಂದು ದಿನ ಇಸ್ತ್ರಿ ಮಾಡಿಟ್ಟ ಸೀರೆ. ಮೂರು ತಿಂಗಳಲ್ಲಿ ಹತ್ತಿರ ಹತ್ತಿರ 14,000 ರೂಪಾಯಿ ಕೈ ಬಿಟ್ಟಿತು. ಅದರಲ್ಲಿ ಯಾವುದು ದಂಡ, ಯಾವುದು ಅಲ್ಲ ಅಂತ ಈಗ ಲೆಕ್ಕ ಹಾಕುತ್ತಿದ್ದೇನೆ.

ಮೊದಲ ಕ್ಲಿನಿಕ್ಕಿನ ಬಿಲ್ಲು 6,400. ಸೂಜಿ ಹಾಕಿ ಮೂತ್ರ ತೆಗೆದರು, ಸ್ಕ್ಯಾನ್ ಮಾಡಿದರು, ರಕ್ತ ಪರೀಕ್ಷೆಯೂ ಆಯಿತು. ಕಲ್ಲಿಲ್ಲ, ಹರಳಿಲ್ಲ, ಸೋಂಕಿಲ್ಲ. ‘ಸ್ಟ್ರೆಸ್ ಇರಬಹುದು’ ಅಂದರು. ಬಾಡಿಗೆ ಕಟ್ಟೋದು ನಾನು, ಸ್ಟ್ರೆಸ್ ಇವನಿಗಾ ಅಂತ ಅವತ್ತು ಮೈಯೆಲ್ಲ ಉರಿದಿತ್ತು. ಈಗ ಕೇಳಿದರೆ ಆ ದುಡ್ಡು ದಂಡ ಅಲ್ಲ ಅಂತೀನಿ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಣ್ಣದು, ಅದು ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವಕ್ಕೇ ಕುತ್ತು ಬರುತ್ತದೆ. ಟ್ರೇಗೆ ಹೋಗಿ ಹೋಗಿ ತಿಣುಕಿದರೂ ಹನಿಯೂ ಬರದಿದ್ದರೆ ಕಾಯಲೇಬೇಡಿ, ರಾತ್ರಿಯಾದರೂ ಓಡಿ. ಅಲ್ಲಿ ದಂಡವಾದದ್ದು 1,900ರ ವಿಶೇಷ ಆಹಾರದ ಚೀಲ. ಕೆಂಚ ಅದನ್ನು ಮೂಸಿಯೂ ನೋಡಲಿಲ್ಲ. ಬೀದಿ ನಾಯಿಗಳು ಖುಷಿಯಾಗಿ ತಿಂದವು.

ಎರಡನೇ ಕ್ಲಿನಿಕ್ಕು 2,800. ಸೋಂಕಿಲ್ಲ ಅನ್ನೋ ರಿಪೋರ್ಟು ನನ್ನ ಕೈಯಲ್ಲೇ ಇತ್ತು. ಆದರೂ ಮತ್ತೆ ರಕ್ತ ತೆಗೆದು 5 ದಿನ ಆ್ಯಂಟಿಬಯಾಟಿಕ್ ಚುಚ್ಚಿದರು. ಯಾಕೆ ಅಂತ ಕೇಳೋ ಧೈರ್ಯ ನನಗೂ ಬರಲಿಲ್ಲ ಬಿಡಿ.

ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಚೀಟಿಗಿಂತ ಆಟೋಗೇ ಜಾಸ್ತಿ ಆಯಿತು. ಎರಡು ಗಂಟೆ ಕಾದೆವು, ಈ ಕಡೆ ಒಂದು ಲ್ಯಾಬ್ರಡಾರ್, ಆ ಕಡೆ ಕಾಲು ಮುರಿದ ಮೇಕೆ. ಡಾಕ್ಟರು ಸ್ಕ್ಯಾನೂ ಇಲ್ಲದೆ ಬರೀ ಬೆರಳಲ್ಲಿ ಹೊಟ್ಟೆ ಒತ್ತಿ ನೋಡಿ, ‘ಮೂತ್ರ ಕಟ್ಟಿಲ್ಲ, ಚೀಲ ಮೆತ್ತಗಿದೆ’ ಅಂದರು. ಕಟ್ಟಿದೆಯೋ ಇಲ್ಲವೋ ಅನ್ನೋ ಒಂದು ಪ್ರಶ್ನೆಗಾದರೆ ಇದೇ ಸಾಕು. ಆದರೆ ಹಿಂದೆ ಮೂವತ್ತು ಜನ ನಿಂತಿರುವಾಗ ಮನೇಲಿ ಏನಾಗುತ್ತಿದೆ ಅಂತ ಕೇಳೋಕೆ ಅವರಿಗೆ ಪುರುಸೊತ್ತೆಲ್ಲಿ? ಆ ನಾಯಿಗಳ ಬೊಗಳಾಟ ಕೇಳಿ ಬಂದ ಕೆಂಚ ಅವತ್ತು ರಾತ್ರಿ ಮತ್ತೆ ಹಾಸಿಗೆ ಮೇಲೇ.

ಈ ನಡುವೆ ಕೆಳಗಿನ ಮನೆ ಆಂಟಿ ಕೆಂಪು ನೀರಿನ ಬಾಟಲಿ ಇಡೋಕೆ ಹೇಳಿದರು, ಗೇಟಿನ ಹತ್ತಿರ ನಾಯಿಗೆ ಇಡ್ತಾರಲ್ಲ, ಅದೇ. ಇಟ್ಟೆ. ಕೆಂಚ ಬಾಟಲಿಗೆ ಮೈ ಉಜ್ಜಿ ಅದರ ಪಕ್ಕದಲ್ಲೇ ಹೊಯ್ದ. ಖರ್ಚು ಒಂದು ಚಿಟಿಕೆ ಕುಂಕುಮ.

ಕೊನೆಗೆ ವಿಡಿಯೋ ಕಾಲ್. ಪ್ರಾಣಿಗಳ ನಡವಳಿಕೆ ಓದಿಕೊಂಡಿರೋ ವೆಟ್, ಅಂದರೆ ಪಶುವೈದ್ಯರು, 50 ನಿಮಿಷಕ್ಕೆ 1,200. ಮೊದಲ ಕ್ಲಿನಿಕ್ಕಿನ ರಿಪೋರ್ಟು ನೋಡಿ, ‘ಇದಿಲ್ಲದಿದ್ದರೆ ಮೊದಲು ಇದನ್ನೇ ಮಾಡಿಸಿ ಅಂತಿದ್ದೆ’ ಅಂದರು. ಆಮೇಲೆ, ಫೋನನ್ನು ಬೆಕ್ಕಿನ ಎತ್ತರಕ್ಕೆ ಹಿಡಿದು ಟ್ರೇವರೆಗೆ ಹೋಗಿ ತೋರಿಸಿ ಅಂದರು. ಮಂಡಿಯೂರಿ ಯುಟಿಲಿಟಿಗೆ ಅಂಬೆಗಾಲಿಟ್ಟೆ. ಡಿಸೆಂಬರಿನಲ್ಲಿ ತಂದ ಹೊಸ ವಾಷಿಂಗ್ ಮೆಷಿನ್ನು ಟ್ರೇ ಪಕ್ಕದಲ್ಲೇ ಗಡಗಡ ಅಂತಿತ್ತು. ಆಫರಿನಲ್ಲಿ ಸಿಕ್ಕಿತು ಅಂತ ತಂದ ಲ್ಯಾವೆಂಡರ್ ಮರಳಿನ ವಾಸನೆ, ನಿಂತಾಗ ಹಿತವಾಗಿದ್ದದ್ದು, ಆ ಎತ್ತರದಲ್ಲಿ ಮೂಗಿಗೆ ಚುಚ್ಚಿತು. ತಲೆ ಎತ್ತಿದರೆ ಗ್ರಿಲ್ಲಿನಾಚೆ ಬೀದಿಯ ಕರಿ ಗಡವ ಬೆಕ್ಕೊಂದು ನನ್ನನ್ನೇ ದಿಟ್ಟಿಸುತ್ತಿತ್ತು.

ಟ್ರೇಯನ್ನು ಹಾಲ್‌ಗೆ ತಂದೆ. ಯಾವ ಮರಳು ಬೇಕು ಅಂತ ಅವನನ್ನೇ ಕೇಳಿ ಅಂತಲೂ ವೆಟ್ ಹೇಳಿದ್ದರು. ಮೂರು ಟ್ರೇ ಸಾಲಾಗಿಟ್ಟು 10 ದಿನ ಎಣಿಸಿದೆ. ವಾಸನೆಯಿಲ್ಲದ ನುಣ್ಣನೆ ಬೆಂಟೊನೈಟ್ ಜೇಡಿಮಣ್ಣಿನ ಮರಳು 21 ಸಲ, ಜರಡಿ ಹಿಡಿದ ಹೊಳೆ ಮರಳು 9 ಸಲ, ಎಲ್ಲಕ್ಕಿಂತ ದುಬಾರಿ, ಸೋಯಾ ಹಿಂಡಿಯಿಂದ ಮಾಡಿದ ತೋಫು ಮರಳು ಒಂದೇ ಸಲ. ಅದರಲ್ಲಿ ಮಲಗಿ ನಿದ್ದೆ ಮಾಡಿದ್ದೇ ಜಾಸ್ತಿ. ಹೊಳೆ ಮರಳು ಅಗ್ಗ, ಆದರೆ ಒದ್ದೆಯಾದರೆ ಉಂಡೆ ಕಟ್ಟೋದಿಲ್ಲ, ಮನೆಯೆಲ್ಲ ಕಾಲಿಗೆ ಚರಚರ. ಹಾಸಿಗೆಗೆ ಉಚ್ಚೆ ವಾಸನೆ ತೆಗೆಯೋ ಎನ್ಜೈಮ್ ಕ್ಲೀನರ್ ಹಾಕಿದೆ, ಹಳೇ ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುತ್ತವಂತೆ. ಫಿನೈಲ್ ಮಾತ್ರ ಬೇಡ. ಬೆಕ್ಕಿನ ಲಿವರಿಗೆ ಅದನ್ನು ಅರಗಿಸೋ ಶಕ್ತಿ ಇಲ್ಲ, ಒರೆಸಿದ ನೆಲದ ಮೇಲೆ ಓಡಾಡಿ ಪಂಜ ನೆಕ್ಕಿಕೊಂಡರೆ ಹೊಟ್ಟೆಗೇ ಹೋಗುತ್ತದೆ.

ಇನ್ನೊಂದು ಸಲ ಹೀಗಾದರೆ ಮೂತ್ರ ಪರೀಕ್ಷೆ ಮತ್ತು ಸ್ಕ್ಯಾನ್ ಮಾತ್ರ ಮಾಡಿಸಿ, ನೇರ ವಿಡಿಯೋ ಕಾಲಿಗೇ ಹೋಗುತ್ತೇನೆ. ಎರಡನೇ ಕ್ಲಿನಿಕ್ಕಿನ ಮೆಟ್ಟಿಲು ಹತ್ತೋದಿಲ್ಲ. ಈಗ ಟ್ರೇ ಇರೋದು ಹಾಲ್‌ನಲ್ಲಿ, ಚಪ್ಪಲಿ ಸ್ಟ್ಯಾಂಡ್ ಇದ್ದ ಜಾಗದಲ್ಲಿ. ಬಂದ ನೆಂಟರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಕಾಫಿ ಕೊಡುತ್ತೇನೆ.