ಸ್ಟ್ಯಾಟಿಕ್ ರೂಟೋ, ಮಾಡ್ಯೂಲ್ ರೂಟೋ? ಎರಡನ್ನೂ ಹಾಕಿ ನೋಡಿದೆ

ನಮ್ಮ ಮುಖ್ಯ ಆಫೀಸು ಶಿರಸಿಯಲ್ಲಿ. ಘಟ್ಟದ ಕೆಳಗೆ ಕುಮಟಾದಲ್ಲೊಂದು, ಕಾರವಾರದಲ್ಲೊಂದು ಶಾಖೆ. ಮೂರೂ ಕಡೆಯವರ ಬ್ರೌಸಿಂಗು ಶಿರಸಿಯಲ್ಲಿರುವ ಒಂದೇ ವೆಬ್ ಸೆಕ್ಯುರಿಟಿ ಪೆಟ್ಟಿಗೆ ದಾಟಿ ಹೋಗಬೇಕು. ಕಂಪನಿ ಹೆಸರು ಬೇಡ. ಮ್ಯಾನೇಜ್‌ಮೆಂಟಿಗೆ ಸಿ, ಜನರ ಪರವಾಗಿ ಪುಟ ತರಿಸಿಕೊಡುವ ಪ್ರಾಕ್ಸಿಗೆ ಪಿ1 ಮತ್ತು ಪಿ2 ಅಂತ ಪೋರ್ಟ್ ಇರುತ್ತದಲ್ಲ, ಆ ಜಾತಿಯದು. ಇದರಲ್ಲಿ ರೂಟ್, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಅನ್ನುವ ಸಾಲು, ಹಾಕಲು ಎರಡು ಪಟ್ಟಿ ಇವೆ, ಸ್ಟ್ಯಾಟಿಕ್ ಮತ್ತು ಮಾಡ್ಯೂಲ್. ಎಲ್ಲಿ ಹಾಕಿದರೇನು, ಪ್ಯಾಕೆಟ್ ಹೋದರೆ ಸಾಕು ಅಂದುಕೊಂಡಿದ್ದೆ.

ಮೊದಲು ಏನೂ ಹಾಕದೆ ನೋಡಿದೆ. ಬೇರೆ ದಾರಿ ಹೇಳದಿದ್ದರೆ ಪಿ1 ಎಲ್ಲವನ್ನೂ ಕೊಡುವ ಡೀಫಾಲ್ಟ್ ಗೇಟ್‌ವೇ ಇಂಟರ್ನೆಟ್ ಫೈರ್‌ವಾಲ್, 10.10.1.1. ಶಾಖೆಗಳ ಲೈನು ಬರುವುದು ಬೇರೆ ರೂಟರಿಗೆ, 10.10.1.2. ಕುಮಟಾದ ಪಿಸಿ ಕಳಿಸಿದ್ದು ರೂಟರಿಂದ ನೇರ ಪೆಟ್ಟಿಗೆಗೆ ಬಂತು, ಆದರೆ ಪೆಟ್ಟಿಗೆ ಉತ್ತರವನ್ನು ಫೈರ್‌ವಾಲ್ ಕೈಗೆ ಕೊಟ್ಟಿತು. ಮಾತು ಶುರುವಾದದ್ದನ್ನೇ ನೋಡದ ಫೈರ್‌ವಾಲ್ ಅದನ್ನು ಬಿಸಾಕಿತು. ಒಂದು ಪುಟವೂ ತೆರೆಯಲಿಲ್ಲ.

ಆಮೇಲೆ ಸ್ಟ್ಯಾಟಿಕ್ ರೂಟ್. ಈ ನೆಟ್‌ವರ್ಕಿಗೆ ಹೋಗುವುದಿದ್ದರೆ ಈ ಪೋರ್ಟಿಂದ ಈ ಗೇಟ್‌ವೇಗೆ ಕೊಡು, ಅಷ್ಟೇ. ಕುಮಟಾ 192.168.20.0, ಕಾರವಾರ 192.168.30.0. ಎರಡು ಸಾಲು ಯಾಕೆ ಅಂತ ಸೋಮಾರಿತನದಿಂದ 192.168.0.0, ಮಾಸ್ಕ್ 255.255.0.0 ಅಂತ ಒಂದೇ ಸಾಲು ಹಾಕಿದೆ. ಮಾಸ್ಕ್ ಅಂದರೆ ವಿಳಾಸದ ಎಷ್ಟು ಭಾಗ ಹೊಂದಬೇಕು ಅನ್ನುವ ಅಳತೆ, ಇಲ್ಲಿ 192.168 ಅಂತ ಶುರುವಾಗುವುದೆಲ್ಲ. ಶಾಖೆ ಎರಡೂ ಎದ್ದವು, ನಮ್ಮದೇ ಗೆಸ್ಟ್ ವೈಫೈ ಮಲಗಿತು. ಅದರ ನಂಬರು 192.168.50.0, ಇರುವುದು ಫೈರ್‌ವಾಲ್ ಹಿಂದೆ, ಅದಕ್ಕೆ ಹೋಗಬೇಕಾದ ಉತ್ತರವೆಲ್ಲ ಘಟ್ಟ ಇಳಿಯಲು ಹೊರಟಿತ್ತು! ಒಟ್ಟಿಗೇ ಹಾಕಬೇಕು ಅಂತಿದ್ದರೆ 192.168.16.0, ಮಾಸ್ಕ್ 255.255.240.0 ಸಾಕಿತ್ತು, 16ರಿಂದ 31ರವರೆಗೆ ಅದರಲ್ಲೇ ಬರುತ್ತದೆ. ನಾನು ಕೊನೆಗೆ ಎರಡು ಸಾಲನ್ನೇ ಹಾಕಿದೆ, ಓದುವಾಗ ತಲೆ ಕೆಡುವುದಿಲ್ಲ. ಒಂದು ಕಿರಿಕಿರಿ ಏನೆಂದರೆ, ಹಾಕಿದ ರೂಟನ್ನು ತಿದ್ದಲು ಬರುವುದಿಲ್ಲ, ಅಳಿಸಿ ಹೊಸದಾಗಿಯೇ ಹಾಕಬೇಕು, ಪ್ರತಿ ಸಲವೂ ಪ್ರಾಕ್ಸಿ ಸರ್ವಿಸ್ ರೀಸ್ಟಾರ್ಟ್ ಆಗಬೇಕು. ಹಗಲು ಹೊತ್ತಿನಲ್ಲಿ ಮಾಡಿದರೆ ಮೂರೂ ಊರಿನವರ ಬೈಗುಳ.

ಮಾಡ್ಯೂಲ್ ರೂಟಿನ ಕಥೆ ಬೇರೆ. ಪೆಟ್ಟಿಗೆಯೊಳಗೆ ವೆಬ್, ಮೇಲ್ ಅಂತ ಬೇರೆ ಬೇರೆ ಮಾಡ್ಯೂಲ್ ಇರುತ್ತವೆ. ಅವು ಸಾಮಾನ್ಯವಾಗಿ ತಮ್ಮ ತಮ್ಮ ಪೋರ್ಟಿಂದಲೇ ಹೊರಗೆ ಹೋಗುತ್ತವೆ, ಸಿ ಕಡೆ ತಲೆ ಹಾಕುವುದಿಲ್ಲ. ಇಂಥ ವಿಳಾಸಕ್ಕೆ ಮಾತ್ರ ಸಿಯಿಂದ ಹೋಗು ಅಂತ ಹೇಳುವುದೇ ಮಾಡ್ಯೂಲ್ ರೂಟ್. ನಮ್ಮ ಲಾಗಿನ್ ಸರ್ವರ್ ಇದ್ದದ್ದು ಮ್ಯಾನೇಜ್‌ಮೆಂಟ್ ಬದಿಯಲ್ಲಿ, 10.10.6.20. ಪಿ1ರಿಂದ ಅಲ್ಲಿಗೆ ಹೋಗಲು ಫೈರ್‌ವಾಲ್ ಬಿಡುವುದಿಲ್ಲ, ಬಿಡಲೂಬಾರದು. ಕುಮಟಾದಿಂದ ಫೋನು ಬಂತು, "ಭಾವಾ, ಒಬ್ರಿಗೂ ಲಾಗಿನ್ ಆಗ್ತಾ ಇಲ್ಲೆ." ವೆಬ್ ಮಾಡ್ಯೂಲಿಗೆ ಒಂದೇ ಸಾಲು ಹಾಕಿದೆ: 10.10.6.20, ಮಾಸ್ಕ್ 255.255.255.255 (ಅಂದರೆ ಆ ಒಂದೇ ಯಂತ್ರಕ್ಕೆ), ಸಿ ಪೋರ್ಟಿನ ಗೇಟ್‌ವೇ. ರೀಸ್ಟಾರ್ಟ್ ಆಗುತ್ತಿದ್ದ ಹಾಗೇ ಲಾಗಿನ್ ಶುರು.

ಇಷ್ಟಕ್ಕೇ ನಿಲ್ಲಿಸಬೇಕಿತ್ತು, ಅಲ್ವಾ? ಇಷ್ಟು ಚೆನ್ನಾಗಿದೆಯಲ್ಲ ಅಂತ ಶಾಖೆಯ ನೆಟ್‌ವರ್ಕನ್ನೂ ಸ್ಟ್ಯಾಟಿಕ್‌ನಿಂದ ತೆಗೆದು ಮಾಡ್ಯೂಲ್ ಪಟ್ಟಿಗೆ ಹಾಕಿ ನೋಡಿದೆ. ಬಂದದ್ದು ಪಿ1ರಲ್ಲಿ, ಉತ್ತರ ಹೋಗಿದ್ದು ಸಿಯಿಂದ. ಮೊದಲ ದಿನದ ರೋಗವೇ ಮತ್ತೆ, ಬಾಗಿಲು ಮಾತ್ರ ಬೇರೆ. ಅದೂ ಅಲ್ಲದೆ ನಾನು ಪೆಟ್ಟಿಗೆಗೆ ಲಾಗಿನ್ ಆಗಿ ರಿಪೇರಿ ಮಾಡುವ ದಾರಿಯಲ್ಲೇ ಎಲ್ಲರ ಯೂಟ್ಯೂಬ್ ಹರಿಯಲು ಬಿಟ್ಟರೆ ಸಿ ಪೋರ್ಟ್ ಬೇರೆ ಇಟ್ಟದ್ದು ಯಾಕೆ?

ಹಾಗಾಗಿ ನನ್ನ ಮಟ್ಟಿಗೆ ಶಾಖೆಗಳಿಗೆ ಸ್ಟ್ಯಾಟಿಕ್ಕೇ. ಮಾಡ್ಯೂಲ್ ರೂಟನ್ನು ಲಾಗಿನ್ ಸರ್ವರಿನಂಥ ಒಂದೆರಡು ಯಂತ್ರಕ್ಕೆ ಮಾತ್ರ, ಅದೂ ಪೂರ್ತಿ ಮಾಸ್ಕ್ ಕೊಟ್ಟು.

ಆದರೆ ಸ್ಟ್ಯಾಟಿಕ್ ರೂಟಿಗೆ ಬುದ್ಧಿ ಇಲ್ಲ. ಜುಲೈ ಮಳೆಗೆ ದೇವಿಮನೆ ಘಟ್ಟದಲ್ಲಿ ಮರ ಬಿದ್ದು ಕುಮಟಾ ಲೈನು ಹೋಯಿತು. ಶಿರಸಿಯಲ್ಲಿ ರೂಟರಿನ ದೀಪ ಹಸಿರಾಗಿಯೇ ಇತ್ತು, ಪೆಟ್ಟಿಗೆಗೆ ಆಚೆ ಸತ್ತಿದೆ ಅಂತ ಹೇಗೆ ಗೊತ್ತಾಗಬೇಕು, ಸುಮ್ನೆ ಅಲ್ಲಿಗೇ ಕಳಿಸುತ್ತಾ ಕೂತಿತು. ಬದಲಿಗೆ ಇಟ್ಟಿದ್ದ 4ಜಿ ರೂಟರಿಗೆ ತಿರುಗಿಸಲು ರಾತ್ರಿ ಹತ್ತಕ್ಕೆ ಯುಪಿಎಸ್ ಕೂಗುತ್ತಿರುವಾಗ ಅಳಿಸಿ, ಹಾಕಿ, ರೀಸ್ಟಾರ್ಟ್ ಮಾಡಿದೆ. ಲೈನು ವಾಪಸ್ ಬಂದಾಗ ಮತ್ತೆ ಅದೇ ಕೆಲಸ.

ಮುಂದಿನ ವಾರ ಎರಡು ರೂಟರಿಗೂ ಒಂದೇ ವಿಳಾಸ ಹಂಚಿಕೊಳ್ಳುವ ಏರ್ಪಾಡಾದ ವಿಆರ್‌ಆರ್‌ಪಿ ಹಾಕಿದೆ. ಈಗ 10.10.1.5 ಅನ್ನುವ ಒಂದೇ ವಿಳಾಸ ಇಬ್ಬರಲ್ಲಿ ಯಾರ ಲೈನು ಬದುಕಿದೆಯೋ ಅವರ ಬಳಿ ಇರುತ್ತದೆ. ಅದು ತಾನಾಗಿ ಆಗುವುದಿಲ್ಲ, ಕುಮಟಾ ಕಡೆಯ ವಿಳಾಸಕ್ಕೆ ಪಿಂಗ್ ಮಾಡುತ್ತಾ, ನಿಂತರೆ ಆದ್ಯತೆ ಇಳಿಸು ಅಂತ ರೂಟರಿಗೆ ಬೇರೆಯಾಗಿ ಹೇಳಬೇಕು. ಪೆಟ್ಟಿಗೆಯ ಸ್ಟ್ಯಾಟಿಕ್ ರೂಟ್ ಎರಡೂ ಆ ವಿಳಾಸವನ್ನೇ ತೋರಿಸುತ್ತವೆ, ಆಮೇಲೆ ಮುಟ್ಟಿಲ್ಲ. ಮೂರೇ ಸಾಲಿನ ಆ ಪಟ್ಟಿಯನ್ನು ಬರೆದು ರ‍್ಯಾಕಿನ ಬಾಗಿಲಿಗೆ ಅಂಟಿಸಿದ್ದೆ. ಥಂಡಿಗೆ ಗಮ್ ಬಿಟ್ಟು ಕಾಗದ ಕೆಳಗೆ ಬಿದ್ದಿದೆ, ಲ್ಯಾಮಿನೇಷನ್ ಮಾಡಿಸಬೇಕು.