ವಿಜಯಪುರಕ್ಕೆ ಹೋಗುವವರೇ, ಆ ‘ಮೇಣದ ಮ್ಯೂಸಿಯಂ’ ಫ್ಲೆಕ್ಸ್ ನೋಡಿ ದುಡ್ಡು ಕೊಡಬೇಡಿ

ಬೇಸಿಗೆ ರಜೆ ಶುರುವಾಗಿದೆ. ಜಮಖಂಡಿ, ಮುಧೋಳ, ಇಳಕಲ್ಲು, ಅಥಣಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಗೋಳಗುಮ್ಮಟ ನೋಡಲು ಹೋಗುವವರು ಈಗ ಜಾಸ್ತಿ. ಅದಕ್ಕೇ ಇದನ್ನು ತಡಮಾಡದೆ ಬರೆಯುತ್ತಿದ್ದೇನೆ. ಗುಮ್ಮಟ ನೋಡಿ ಬರುವವರ ಕಣ್ಣಿಗೆ ಬೀಳುವ ಹಾಗೆ ರಸ್ತೆ ಪಕ್ಕದಲ್ಲಿ ತಗಡಿನ ಶೆಡ್ ಹಾಕಿ, ‘ಸೆಲೆಬ್ರಿಟಿ ವ್ಯಾಕ್ಸ್ ಮ್ಯೂಸಿಯಂ’ ಅಂತ ಫ್ಲೆಕ್ಸ್ ಕಟ್ಟಿದ್ದರು. ಒಳಗೆ ಹೋದ ನಮಗೆ ದುಡ್ಡೂ ಹೋಯಿತು, ಮಗುವೂ ಹೆದರಿತು, ಅಮ್ಮನ ಮನಸ್ಸೂ ನೊಂದಿತು. ಇಂಥವರು ಒಂದೇ ಕಡೆ ಇರುವುದಿಲ್ಲ. ಇವತ್ತು ವಿಜಯಪುರ, ನಾಳೆ ಜಾತ್ರೆ ನಡೆಯುವ ಇನ್ನೊಂದು ಊರು. ಹಾಗಾಗಿ ಬೋರ್ಡಿನ ಹೆಸರಿಗಿಂತ ಅವರು ಹೇಗೆ ಮಾಡುತ್ತಾರೆ ಅನ್ನೋದು ನಿಮಗೆ ಗೊತ್ತಿರಬೇಕು.

ಶುರುವಾಗುವುದು ಗುಮ್ಮಟದ ಗೇಟಿನಲ್ಲೇ. ನಾವು ಆಟೋದವರಿಗೆ ಇಬ್ರಾಹಿಂ ರೋಜಾಕ್ಕೆ ಬಿಡಿ ಅಂದೆವು. ‘ರೋಜಾ ಎಲ್ಲಿ ಓಡಿ ಹೋಗ್ತದ್ರಿ ಅಕ್ಕಾರ, ಮೊದಲ ಮ್ಯೂಸಿಯಂ ನೋಡ್ರಿ. ಅಪ್ಪು ಅದಾನ. ಒಳಗ ಎಸಿ ಐತ್ರಿ’ ಅಂತ ಹೇಳಿ ಶೆಡ್ ಮುಂದೆ ಇಳಿಸಿದರು. ಕೌಂಟರಿನ ಹುಡುಗ ಅವರ ಕೈಗೆ ಒಂದು ಚೀಟಿ ಕೊಟ್ಟಿದ್ದನ್ನು ನನ್ನ ತಂಗಿ ನೋಡಿದಳು. ತಲೆಗೆ ಇಷ್ಟು ಅಂತ ಕಮಿಷನ್ ಇರಬೇಕು. (ಊರಿನ ಎಲ್ಲ ಆಟೋದವರೂ ಹೀಗಲ್ಲ. ಆಮೇಲೆ ನಮ್ಮನ್ನು ರೋಜಾಕ್ಕೆ ಕರೆದುಕೊಂಡು ಹೋದ ಹಿರಿಯರು ಅಳುತ್ತಿದ್ದ ಮಗುವಿಗೆ ತಾವೇ ನೀರಿನ ಬಾಟಲಿ ತಂದುಕೊಟ್ಟರು. ಅದರ ದುಡ್ಡೂ ತೆಗೆದುಕೊಳ್ಳಲಿಲ್ಲ.)

ಫ್ಲೆಕ್ಸ್ ಮೇಲೆ ಅಮಿತಾಭ್, ಐಶ್ವರ್ಯಾ ರೈ, ಮೋದಿ, ಕೊಹ್ಲಿ, ನಡುವೆ ದೊಡ್ಡದಾಗಿ ಅಪ್ಪು. ಅಷ್ಟು ಚೆಂದದ ಪ್ರತಿಮೆಗಳು ಈ ಶೆಡ್‌ನಲ್ಲಿ ಹೇಗೆ ಅಂತ ಆಮೇಲೆ ಫೋನಿನಲ್ಲಿ ಹುಡುಕಿದೆ. ಅಮಿತಾಭ್, ಐಶ್ವರ್ಯಾ, ಮೋದಿ ಫೋಟೋಗಳೆಲ್ಲ ಲಂಡನ್ನಿನ ಮೇಡಂ ಟುಸ್ಸಾಡ್ಸ್ ಅನ್ನೋ ದೊಡ್ಡ ಮೇಣದ ಮ್ಯೂಸಿಯಂನ ಪ್ರತಿಮೆಗಳದ್ದು. ಅಲ್ಲಿ ಅಮಿತಾಭ್ ಪ್ರತಿಮೆ 2000ರಲ್ಲಿ ಬಂತು, ಐಶ್ವರ್ಯಾದು 2004ರಲ್ಲಿ, ಮೋದಿಯದು 2016ರಲ್ಲಿ. ಆಗ ಪೇಪರಿನಲ್ಲಿ ಬಂದಿದ್ದ ಫೋಟೋಗಳನ್ನೇ ಎತ್ತಿ ಹಾಕಿದ್ದಾರೆ. ಅಪ್ಪುವಿನ ಫೋಟೋ ಅಂತೂ ಪ್ರತಿಮೆಯದ್ದೇ ಅಲ್ಲ, ನಿಜವಾದ ಅಪ್ಪುವಿನದು.

ದೊಡ್ಡವರಿಗೆ 150 ರೂಪಾಯಿ, ಮಕ್ಕಳಿಗೆ 100. ಟಿಕೆಟ್ ಅಂತ ಕೊಟ್ಟಿದ್ದು ಗುಲಾಬಿ ಬಣ್ಣದ ಒಂದು ಚೀಟಿ. ಸಂಸ್ಥೆಯ ಹೆಸರಿಲ್ಲ, ವಿಳಾಸವಿಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಬಂದಿದ್ದು ಯಾರೋ ಒಬ್ಬ ವ್ಯಕ್ತಿಯ ಹೆಸರು. ಹೋಲಿಸಿ ನೋಡಿ: ಗೋಳಗುಮ್ಮಟಕ್ಕೆ ನಮ್ಮ ದೇಶದವರಿಗೆ ಟಿಕೆಟ್ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಫ್ರೀ.

ಒಳಗೆ ಎಸಿ ಇರಲಿಲ್ಲ. ಎರಡು ಸ್ಟ್ಯಾಂಡ್ ಫ್ಯಾನು, ಕಪ್ಪು ಬಟ್ಟೆ ಕಟ್ಟಿದ ಪ್ಲೈವುಡ್ ಗೋಡೆ, ಇಬ್ಬರು ಅಕ್ಕಪಕ್ಕ ನಡೆಯಲಾಗದಷ್ಟು ಸಣ್ಣ ದಾರಿ. ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಮೇಲೆ ತಗಡು. ನಿಂತರೆ ಬೆವರು ಇಳಿಯುತ್ತಿತ್ತು. ಜೇನುಮೇಣ ಕರಗುವುದು 62 ಡಿಗ್ರಿ ಆಸುಪಾಸಿನಲ್ಲಿ, ಆದರೆ ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗಿಬಿಡುತ್ತದೆ. ಮೇಣದ ಪ್ರತಿಮೆ ಇಟ್ಟವರು ತಂಪು ಕಾಯ್ದುಕೊಳ್ಳಲೇಬೇಕು. ಎಸಿ ಇಲ್ಲದ ತಗಡಿನ ಶೆಡ್‌ನಲ್ಲಿ ಮೇಣದ ಮುಖ ಬೇಸಿಗೆ ಕಳೆಯುವುದು ಕಷ್ಟ. ಅಂದರೆ ಒಳಗಿರುವುದು ಮೇಣವೇ ಅಲ್ಲ.

ಅದು ಅಪ್ಪುವಿನ ಮುಂದೆ ನಿಂತಾಗ ಕಣ್ಣಿಗೇ ಕಂಡಿತು. ಬಲಗೈ ತೋರುಬೆರಳಿನ ತುದಿ ಚೆಕ್ಕೆ ಎದ್ದಿತ್ತು. ಒಳಗೆ ಬಿಳಿ ಪ್ಲಾಸ್ಟರ್, ಮುಟ್ಟಿದರೆ ಪುಡಿ ಅಂಟುತ್ತಿತ್ತು. ಮಿಕ್ಕ ಬೆರಳುಗಳು ಬಿಡಿಬಿಡಿಯಾಗಿಯೇ ಇರಲಿಲ್ಲ, ಗೆರೆ ಕೊರೆದು ಬೆರಳು ಅಂತ ತೋರಿಸಿದ್ದರು. ತಲೆಯ ಮೇಲಿನ ವಿಗ್ ಹಿಂದಕ್ಕೆ ಸರಿದು, ಹಣೆಯ ಮೇಲೆ ಅಂಟಿನ ಹಳದಿ ಗೆರೆ ಕಾಣುತ್ತಿತ್ತು. ಒಂದು ಕಣ್ಣು ನಮ್ಮ ಕಡೆ, ಇನ್ನೊಂದು ಗೋಡೆಯ ಕಡೆ. ಆ ನಗು ಇರಲೇ ಇಲ್ಲ.

ನಮ್ಮ ಕಡೆ 2021ರ ಅಕ್ಟೋಬರ್ 29ರಂದು ಅಪ್ಪು ತೀರಿಕೊಂಡ ಆಮೇಲೆ ಅವರ ಫೋಟೋ ಇಲ್ಲದ ಕಿರಾಣಿ ಅಂಗಡಿ, ಟಂಟಂ ಗಾಡಿ ಸಿಗುವುದೇ ಕಡಿಮೆ. ಅಮ್ಮ ಗುಮ್ಮಟದ ಮೆಟ್ಟಿಲು ಹತ್ತಲಾಗದೆ ಕೆಳಗೆ ಕೂತಿದ್ದರು. ಮಂಡಿ ನೋವಿದ್ದರೂ ಶೆಡ್ ಒಳಗೆ ನಡೆದು ಬಂದಿದ್ದು ಅಪ್ಪು ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆಯಿಂದ. ಸ್ವಲ್ಪ ಹೊತ್ತು ನೋಡಿ, ‘ಇವ ನಮ್ಮ ಅಪ್ಪು ಅಲ್ಲವಾ, ನಡೀರಿ’ ಅಂದು ತಿರುಗಿಬಿಟ್ಟರು. ನನಗೆ ಸಿಟ್ಟು ಬಂದಿದ್ದು 150 ರೂಪಾಯಿಗಲ್ಲ. ಜನ ಜೀವದಂತೆ ಪ್ರೀತಿಸಿದ ಮನುಷ್ಯನ ಹೆಸರಲ್ಲಿ ಹೀಗೆ ದುಡ್ಡು ಮಾಡುತ್ತಾರಲ್ಲ, ಅದಕ್ಕೆ.

ಪ್ರತಿಮೆ ಮಾಡುವುದು ಸುಲಭದ ಕೆಲಸ ಅಂತ ನಾನು ಹೇಳುತ್ತಿಲ್ಲ. ಮೇಡಂ ಟುಸ್ಸಾಡ್ಸ್‌ನಲ್ಲಿ ಒಂದು ಪ್ರತಿಮೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ವ್ಯಕ್ತಿಯನ್ನು ಕೂರಿಸಿ ಇನ್ನೂರಕ್ಕೂ ಹೆಚ್ಚು ಅಳತೆ ತೆಗೆಯುತ್ತಾರೆ. ಮೊದಲು ಜೇಡಿಮಣ್ಣಿನಲ್ಲಿ ತಲೆ, ಆಮೇಲೆ ಅಚ್ಚು, ಆಮೇಲೆ ಮೇಣ. ಆರಿದಾಗ ಮೇಣ ಕುಗ್ಗುತ್ತದೆ ಅಂತ ಮೊದಲೇ ಸ್ವಲ್ಪ ದೊಡ್ಡದಾಗಿ ಮಾಡಿರುತ್ತಾರೆ. ಕೂದಲನ್ನು ಒಂದೊಂದೇ ಎಳೆಯಾಗಿ ಸೂಜಿಯಿಂದ ನೆಡುತ್ತಾರೆ. ಅಷ್ಟು ಆಗದಿದ್ದರೆ ಬೇಡ. ಪ್ಲಾಸ್ಟರ್ ಗೊಂಬೆ ಅಂತ ಬರೆದು 20 ರೂಪಾಯಿ ತೆಗೆದುಕೊಳ್ಳಲಿ, ಯಾರೂ ಬೈಯುವುದಿಲ್ಲ.

ಇಲ್ಲಿಯವರೆಗಿನದು ಮೋಸ. ಇನ್ನು ಹೇಳುವುದು ಅಪಾಯ, ದಯವಿಟ್ಟು ಇದನ್ನು ಓದಿ. ನಾವು ಒಳಗಿರುವಾಗಲೇ ಕರೆಂಟ್ ಹೋಯಿತು. ಜನರೇಟರ್ ಇಲ್ಲ, ಎಮರ್ಜೆನ್ಸಿ ಲೈಟ್ ಇಲ್ಲ. ಮೊಬೈಲನ್ನು ಬಾಗಿಲಲ್ಲೇ ಇಸಿದುಕೊಂಡಿದ್ದರು, ಒಳಗೆ ತರಬೇಕಾದರೆ ಬೇರೆ 50 ರೂಪಾಯಿ ಅಂತ. ಹಾಗಾಗಿ ಟಾರ್ಚೂ ಇಲ್ಲ. ಆ ಕತ್ತಲಲ್ಲಿ ತಂಗಿಯ ಮಗಳು ಒಂದು ಪ್ರತಿಮೆಗೆ ಡಿಕ್ಕಿ ಹೊಡೆದು ಕಿರುಚಿಕೊಂಡಳು. ಹಿಂದಿನ ಬಾಗಿಲು ಹುಡುಕಿ ಹೋದರೆ ಹೊರಗಿನಿಂದ ಬೀಗ. ಬಂದ ದಾರಿಯಲ್ಲೇ ಗೋಡೆ ಸವರಿಕೊಂಡು ವಾಪಸ್ ಬಂದೆವು. ಸುತ್ತ ಬಟ್ಟೆ, ಪ್ಲೈವುಡ್, ಬಣ್ಣ, ನೇತಾಡುವ ವೈರು. ಒಂದು ಕಿಡಿ ಬಿದ್ದಿದ್ದರೆ ಏನಾಗುತ್ತಿತ್ತು? 1925ರಲ್ಲಿ ಲಂಡನ್ನಿನ ಆ ದೊಡ್ಡ ಮ್ಯೂಸಿಯಂಗೇ ಬೆಂಕಿ ಬಿದ್ದು ಎಷ್ಟೋ ಪ್ರತಿಮೆ ಸುಟ್ಟುಹೋಗಿದ್ದವು. ಈ ಶೆಡ್‌ನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಒಂದೂ ನನಗೆ ಕಾಣಲಿಲ್ಲ.

ಹೊರಗೆ ಬಂದು ದುಡ್ಡು ವಾಪಸ್ ಕೇಳಿದೆ. ‘ನೋಡಿ ಆತಲ್ರಿ, ಇನ್ನ ಏನ್ ವಾಪಸ್’ ಅಂದ. ಜೋರು ಮಾಡಿದಾಗ ಮಗುವಿನ ಟಿಕೆಟ್ ದುಡ್ಡು ಮಾತ್ರ ಕೊಟ್ಟ. ನಮ್ಮ ಹಿಂದೆ ಇನ್ನೊಂದು ಕುಟುಂಬ ಕ್ಯೂನಲ್ಲಿತ್ತು. ಅವರಿಗೆ ಹೇಳಿದೆ, ಅವರು ಒಳಗೆ ಹೋಗಲಿಲ್ಲ.

ಇಂಥ ಜಾಗ ಎಲ್ಲಿ ಕಂಡರೂ ದುಡ್ಡು ಕೊಡುವ ಮೊದಲು ಒಂದು ಪ್ರತಿಮೆ ತೋರಿಸಿ ಅಂತ ಕೇಳಿ. ಮಾಲು ಸರಿ ಇದ್ದವರು ಬಾಗಿಲ ಹತ್ತಿರವೇ ಒಂದನ್ನು ನಿಲ್ಲಿಸಿರುತ್ತಾರೆ. ಹೊರಗೆ ಹೋಗುವ ಬಾಗಿಲು ಎಲ್ಲಿ ಅಂತ ಕೇಳಿ, ತೆರೆದಿದೆಯಾ ನೋಡಿ. ಮೊಬೈಲ್ ಕೊಡಬೇಡಿ. ಫ್ಲೆಕ್ಸಿನ ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಅದೇ ಸಾಕ್ಷಿ.

ಅರ್ಧ ದಿನ ಉಳಿದರೆ ಸುಮ್ನೆ ಅಲ್ಲಿ ಕಳೆಯಬೇಡಿ. ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಆದಿಲ್‌ಶಾಹಿ ಕಾಲದ ಶಾಸನ, ಚಿತ್ರ, ಕತ್ತಿ, ರತ್ನಗಂಬಳಿ ಎಲ್ಲ ಅಸಲಿ ವಸ್ತುಗಳು. ಶುಕ್ರವಾರ ರಜೆ. ಊರಿನ ಪಶ್ಚಿಮಕ್ಕೆ 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಇದೆ, ಮಕ್ಕಳು ಅದರ ಬಾಯಲ್ಲಿ ಸಿಂಹದ ಮುಖ ನೋಡಿ ಖುಷಿಪಡುತ್ತಾರೆ. ಪ್ರತಿಮೆಗಳನ್ನೇ ನೋಡಬೇಕು ಅಂದರೆ ಶಿಗ್ಗಾವಿ ಹತ್ತಿರ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್‌ಗೆ ಹೋಗಿ. ಹಳ್ಳಿ ಬದುಕಿನ ಜೊತೆ ಡಾ. ರಾಜ್ ಪಾತ್ರಗಳೂ ಅಲ್ಲಿವೆ. ಬೆಳಗಾವಿ ಕಡೆಯವರಿಗೆ ಕೊಲ್ಲಾಪುರದ ಕನೇರಿ ಮಠ ಹತ್ತಿರ. ಎರಡೂ ಕಡೆ ಇರುವುದು ಸಿಮೆಂಟಿನ ಪ್ರತಿಮೆಗಳು. ನಮ್ಮ ಬಿಸಿಲಿಗೆ ಅದೇ ಸರಿ, ಅಲ್ವಾ? ರೊಟ್ಟಿ ತಟ್ಟುವ ಅಜ್ಜಿಯ ಕೈಯ ನರ ಕೂಡ ಕಾಣುವ ಹಾಗೆ ಮಾಡಿದ್ದಾರೆ.

ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಹೇಳಬಹುದು. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ವಿಜಯಪುರಕ್ಕೆ ಓಡಾಡಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನಾನು 1915ರಲ್ಲಿ ದೂರು ಬರೆಸಿದ್ದೇನೆ. ನೀವೂ ಆ ಶೆಡ್‌ಗೆ ಹೋಗಿ ಬಂದಿದ್ದರೆ ಗುಲಾಬಿ ಚೀಟಿ, ಪೇಮೆಂಟ್ ಸ್ಕ್ರೀನ್‌ಶಾಟ್ ಎಸೆಯಬೇಡಿ, ದೂರು ಕೊಡಿ. ಹಿಂದಿನ ಬಾಗಿಲಿಗೆ ಬೀಗ ಹಾಕಿದ ವಿಷಯವನ್ನು ಅದರಲ್ಲಿ ತಪ್ಪದೆ ಬರೆಸಿ.